ಹವ್ಯಾಸ ಅಲ್ಲ ಸ್ವಾಮೀ, ಅದು ಕಸುಬು!

ಬಾರ್ಬರಾ ಬೋಡಿಶಾನ್ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ಕೇಳಿದ್ದರೆ ಹೀಗೆ ಕೇಳಿರುತ್ತೀರಿ: ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಮಹಿಳಾ ಹೋರಾಟಗಾರ್ತಿ, ಮದುವೆಯಾದ ಹೆಂಗಸರ ಆಸ್ತಿ ಹಕ್ಕಿಗಾಗಿ ಓಡಾಡಿದವಳು, ಕೇಂಬ್ರಿಜ್‌ನ ಗರ್ಟನ್ ಕಾಲೇಜು ಕಟ್ಟಿದವರಲ್ಲಿ ಒಬ್ಬಳು. ಇಷ್ಟಾದ ಮೇಲೆ ಕೊನೆಯಲ್ಲಿ ಒಂದು ಬಾಲಂಗೋಚಿ: ‘ಚಿತ್ರಗಳನ್ನೂ ಬರೆಯುತ್ತಿದ್ದಳು.’

ಈ ‘ನೂ’ ಮೇಲೆ ನನ್ನ ತಕರಾರು.

ನೋಡಿ, ಒಂದು ಅಕ್ಷರ. ಅದನ್ನು ಸೇರಿಸಿದ ಕೂಡಲೇ ಒಬ್ಬಳ ನಲವತ್ತು ವರ್ಷದ ದುಡಿಮೆ ಮಧ್ಯಾಹ್ನ ಊಟವಾದ ಮೇಲೆ ಹೊತ್ತು ಹೋಗದೆ ಮಾಡಿದ ಕೆಲಸವಾಗಿಬಿಡುತ್ತದೆ. ಗಂಡಸಿಗೆ ಹೀಗೆ ಮಾಡುವುದಿಲ್ಲ. ವಿಲಿಯಂ ಮಾರಿಸ್ ಸಮಾಜವಾದಿ ಸಭೆಗಳಲ್ಲಿ ಗಂಟಲು ಹರಿದುಕೊಂಡು ಭಾಷಣ ಮಾಡಿದ. ಆದರೂ ಅವನು ಮೊದಲು ಕಲಾವಿದ, ಕವಿ, ಆಮೇಲೆ ಸಮಾಜವಾದಿ. ಬಾರ್ಬರಾಳ ವಿಷಯಕ್ಕೆ ಬಂದಾಗ ಲೆಕ್ಕ ತಲೆಕೆಳಗು. ಆಕೆ ಹೋರಾಟ ಮಾಡಿದ್ದರಿಂದ ಚಿತ್ರಕಲೆ ಹಿಂದೆ ಬಿತ್ತು ಅನ್ನುತ್ತಾರೆ. ನಾನು ಹೇಳುವುದು ಇದಕ್ಕೆ ಪೂರಾ ಉಲ್ಟಾ. ಆಕೆ ದುಡ್ಡಿಗೆ ಚಿತ್ರ ಬರೆಯುವ ಕಸುಬಿನವಳಾಗಿದ್ದಳು, ಅದಕ್ಕೇ ಆ ಕಾನೂನು ಎಲ್ಲಿ ಚುಚ್ಚುತ್ತದೆ ಅಂತ ಆಕೆಗೆ ಗೊತ್ತಾಯಿತು. ಎರಡನ್ನೂ ಬೇರೆ ಬೇರೆ ಲೆಡ್ಜರ್‌ನಲ್ಲಿ ಬರೆಯುವುದೇ ತಪ್ಪು. ನಾನು ಕಲಾವಿಮರ್ಶಕನಲ್ಲ, ಬಿ.ಕಾಂ. ಓದಿ ಬ್ಯಾಂಕ್ ಸೇರಿದವನು. ಆದರೆ ಯಾವುದು ಆದಾಯ, ಯಾವುದು ಹವ್ಯಾಸ ಅನ್ನುವುದನ್ನು ಮಾತ್ರ ಮೂವತ್ತು ವರ್ಷದಿಂದ ನೋಡುತ್ತಾ ಬಂದಿದ್ದೇನೆ.

ಆಕೆ ಹುಟ್ಟಿದ್ದು 1827ರ ಏಪ್ರಿಲ್ 8, ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ. ಅಪ್ಪ ಬೆಂಜಮಿನ್ ಲೀ ಸ್ಮಿತ್, ದೊಡ್ಡ ಕುಳ, ಪಾರ್ಲಿಮೆಂಟ್ ಸದಸ್ಯ. ಅಮ್ಮ ಆನ್ ಲಾಂಗ್ಡನ್, ಹೆಂಗಸರ ಟೋಪಿ ತಯಾರಿಸುವ ಕೆಲಸದವಳು. ಐದು ಮಕ್ಕಳಾದರೂ ಆತ ಆಕೆಯನ್ನು ಮದುವೆಯಾಗಲಿಲ್ಲ. ಬಾರ್ಬರಾಗೆ ಏಳು ವರ್ಷ ಇದ್ದಾಗ ತಾಯಿ ಕ್ಷಯದಿಂದ ತೀರಿಕೊಂಡಳು. ನಮ್ಮ ಶಾಲೆಯ ಪಾಠದಲ್ಲಿ ಬರುತ್ತಿದ್ದ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಈಕೆಗೆ ಸ್ವಂತ ಸೋದರತ್ತೆಯ ಮಗಳು. ಆದರೆ ಆ ಮನೆಯವರು ಈ ಮಕ್ಕಳನ್ನು ಹೊಸಿಲು ತುಳಿಯಲು ಬಿಡಲಿಲ್ಲ. ಮದುವೆಯ ರಿಜಿಸ್ಟರ್‌ನಲ್ಲಿ ಸಹಿ ಇಲ್ಲದ ತಾಯಿಯ ಮಕ್ಕಳಲ್ಲವೇ!

ಆ ಅಪ್ಪ ಒಂದು ಕೆಲಸ ಮಾತ್ರ ಚೆನ್ನಾಗಿ ಮಾಡಿದ. 1848ರಲ್ಲಿ ಬಾರ್ಬರಾಗೆ ಇಪ್ಪತ್ತೊಂದು ತುಂಬಿದಾಗ ವರ್ಷಕ್ಕೆ 300 ಪೌಂಡ್ ಬರುವಂತೆ ವ್ಯವಸ್ಥೆ ಮಾಡಿದ. ಗಂಡುಮಕ್ಕಳಿಗೆ ಕೊಟ್ಟಷ್ಟೇ ಹೆಣ್ಣುಮಕ್ಕಳಿಗೂ. ಇವತ್ತಿಗೂ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ನಡೆಯುತ್ತದೆ, ನೀವೇ ಎದೆ ಮುಟ್ಟಿ ಹೇಳಿ.

ಈ 300 ಪೌಂಡನ್ನೇ ಹಿಡಿದುಕೊಂಡು ಕೆಲವರು ಹೇಳುವುದುಂಟು: ‘ಕೂತು ಉಣ್ಣಲು ಇತ್ತು, ಆದ್ದರಿಂದ ಬಣ್ಣ ಬಳಿದುಕೊಂಡಿದ್ದಳು, ಅಷ್ಟೆ.’ ಹಾಗಾದರೆ ಕೊರೋ ವಿಚಾರ ಏನು? ಫ್ರಾನ್ಸಿನ ಕಮೀಲ್ ಕೊರೋ, ನಿಸರ್ಗದೃಶ್ಯ ಬರೆದವರ ದೊಡ್ಡಣ್ಣ ಅಂತ ಎಲ್ಲರೂ ಒಪ್ಪುವ ಮನುಷ್ಯ. ಅವನ ಅಮ್ಮನದೂ ಟೋಪಿ ವ್ಯಾಪಾರವೇ, ಪ್ಯಾರಿಸ್ಸಿನಲ್ಲಿ. ಆ ಅಂಗಡಿಯ ಹಣದಿಂದ ಅಪ್ಪ ಅಮ್ಮ ವರ್ಷಕ್ಕೆ 1,500 ಫ್ರಾಂಕ್ ಕೊಡುತ್ತಿದ್ದರು, ಮಗ ನಡುವಯಸ್ಸು ದಾಟುವ ತನಕ ಅದರಲ್ಲೇ ಬದುಕಿದ. ಸೆಜಾನ್ ಗೊತ್ತಲ್ಲ? ನಮ್ಮವನೇ, ಬ್ಯಾಂಕರ್ ಒಬ್ಬನ ಮಗ! 1886ರಲ್ಲಿ ಅಪ್ಪ ಸಾಯುವವರೆಗೂ ಅವನ ಕೈಕಾಸಿನಲ್ಲೇ ಇದ್ದ. ಇವರನ್ನು ಯಾರಾದರೂ ಹವ್ಯಾಸಿ ಅಂದದ್ದನ್ನು ಕೇಳಿದ್ದೀರಾ? ಅಪ್ಪನ ದುಡ್ಡು ಮಗನ ಕೈಗೆ ಬಂದರೆ ಅದು ಕಲಾಸಾಧನೆಗೆ ಸಿಕ್ಕ ಆಸರೆ, ಮಗಳ ಕೈಗೆ ಬಂದರೆ ಶೋಕಿ. ಮಜಾ ಏನೆಂದರೆ ಬಾರ್ಬರಾ ಪಾಠ ಹೇಳಿಸಿಕೊಂಡವರಲ್ಲಿ ಈ ಕೊರೋನೂ ಒಬ್ಬ. ಗುರುವಿನ ಹಣ ಶುದ್ಧ, ಶಿಷ್ಯೆಯ ಹಣ ಮಾತ್ರ ಮೈಲಿಗೆ!

ಕಲಿಯುವುದರಲ್ಲಿ ಆಕೆ ಏನೂ ಸೋಮಾರಿತನ ಮಾಡಲಿಲ್ಲ. 1849ರಲ್ಲಿ ಲಂಡನ್ನಿನಲ್ಲಿ ಹೆಂಗಸರಿಗಾಗಿ ಬೆಡ್‌ಫರ್ಡ್ ಕಾಲೇಜು ಶುರುವಾದಾಗಲೇ ಹೋಗಿ ಚಿತ್ರಕಲೆಯ ತರಗತಿಗೆ ಸೇರಿಕೊಂಡಳು. ಹೇಸ್ಟಿಂಗ್ಸ್‌ನಲ್ಲಿ ಜಲವರ್ಣದ ವಿಲಿಯಂ ಹೆನ್ರಿ ಹಂಟ್ ಬಳಿ ಕಲಿತಳು. 1850ರಲ್ಲಿ ಗೆಳತಿ ಬೆಸ್ಸಿ ರೇನರ್ ಪಾರ್ಕ್ಸ್ ಜೊತೆ ಯೂರೋಪಿನ ಬೆಟ್ಟಗುಡ್ಡ ಸುತ್ತಲು ಹೊರಟಳು. ಕಾವಲಿಗೆ ಅಣ್ಣ ಇಲ್ಲ, ಚಿಕ್ಕಪ್ಪ ಇಲ್ಲ. ಆಗಿನ ಕಾಲದ ಹೆಂಗಸರು ಉಸಿರು ಕಟ್ಟುವಂತೆ ಬಿಗಿದುಕೊಳ್ಳುತ್ತಿದ್ದ ಕಾರ್ಸೆಟ್ಟನ್ನು ಇಬ್ಬರೂ ಕಿತ್ತೆಸೆದು, ಲಂಗವನ್ನು ಗಿಡ್ಡ ಮಾಡಿಕೊಂಡು, ದಪ್ಪ ಬೂಟು ಹಾಕಿಕೊಂಡು ನಡೆದರು. ಕವಿ-ಚಿತ್ರಕಾರ ರೊಸೆಟ್ಟಿ ತನ್ನ ತಂಗಿ ಕ್ರಿಸ್ಟಿನಾಗೆ ಬರೆದ ಕಾಗದವೊಂದರಲ್ಲಿ ಈಕೆಯನ್ನು ತಮಾಷೆ ಮಾಡಿದ್ದಾನೆ. ಹೊನ್ನಿನ ಕೂದಲು, ಕೈತುಂಬ ಕಾಸು, ಹಿಡಿಯಲಾಗದ ಹುರುಪು, ಚಿತ್ರಕ್ಕೋಸ್ಕರ ಗಂಡಸರ ಷರಾಯಿ ತೊಟ್ಟು ಬೆಟ್ಟ ಹತ್ತುವವಳು ಅಂತ. ತಮಾಷೆ ಇರಲಿ, ಅದರೊಳಗೆ ಒಂದು ಸತ್ಯ ಇದೆ. ನಿಸರ್ಗದೃಶ್ಯ ಬರೆಯುವುದು ನಡುಮನೆಯಲ್ಲಿ ಕೂತು ಆಗುವ ಕೆಲಸವಲ್ಲ. ಮಳೆ, ಗಾಳಿ, ಕೆಸರು, ಹೆಗಲ ಮೇಲೆ ಪೆಟ್ಟಿಗೆ. ಲಂಗ ಎತ್ತಿ ಹಳ್ಳ ದಾಟದವರಿಗೆ ಆಚೆ ದಡದ ಚಿತ್ರ ಸಿಗುವುದಿಲ್ಲ.

ಹೆಂಗಸರು ನಿಸರ್ಗದೃಶ್ಯವನ್ನೇ ಯಾಕೆ ಬರೆಯುತ್ತಿದ್ದರು, ಅದೂ ಒಂದು ಕಥೆ. ಆಗ ದೊಡ್ಡ ಕಲೆ ಅಂದರೆ ಇತಿಹಾಸ, ಪುರಾಣದ ಚಿತ್ರ. ಅದಕ್ಕೆ ಮೈಕಟ್ಟು ಬರೆಯಲು ಬರಬೇಕು. ಮೈಕಟ್ಟು ಕಲಿಯಲು ಬೆತ್ತಲೆ ಮಾಡೆಲ್ ಎದುರು ಕೂರಬೇಕು. ಹೆಂಗಸರು ಆ ಕೋಣೆಗೆ ಹೋಗುವ ಹಾಗಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಸ್ವಲ್ಪ ಕಾಲದಲ್ಲೇ ಜೋಫನಿ ಎಂಬ ಚಿತ್ರಕಾರ ಅಕಾಡೆಮಿಯ ಸದಸ್ಯರೆಲ್ಲ ಮಾಡೆಲ್ ಸುತ್ತ ನಿಂತ ಚಿತ್ರ ಬರೆದ. ಅದರಲ್ಲಿ ಈ ಇಬ್ಬರು ಎಲ್ಲಿದ್ದಾರೆ ಗೊತ್ತೆ? ಗೋಡೆಯ ಮೇಲೆ! ತೂಗುಹಾಕಿದ ಎರಡು ಭಾವಚಿತ್ರಗಳಾಗಿ. ತೀರಿಹೋದ ಹಿರಿಯರ ಫೋಟೋಗೆ ಹಾರ ಹಾಕಿಡುತ್ತೇವಲ್ಲ, ಹಾಗೆ. ಇಬ್ಬರೂ ಗಟ್ಟಿಯಾಗಿ ಬದುಕಿದ್ದಾಗಲೇ. ಅವರ ನಂತರ ಮತ್ತೊಬ್ಬ ಹೆಂಗಸು ಅಸೋಸಿಯೇಟ್ ಸದಸ್ಯೆಯಾಗಲು 1922 ಬರಬೇಕಾಯಿತು.

1859ರಲ್ಲಿ ಅಕಾಡೆಮಿಯ ಶಾಲೆಗೆ ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಒಂದಷ್ಟು ಹೆಂಗಸರು ಅರ್ಜಿ ಹಾಕಿದರು, ಬಾರ್ಬರಾಳ ಸಹಿಯೂ ಅದರಲ್ಲಿತ್ತು. ಮರುವರ್ಷ ಲಾರಾ ಹರ್‌ಫರ್ಡ್ ಎಂಬಾಕೆ ಪೂರ್ತಿ ಹೆಸರು ಬರೆಯದೆ ಬರೀ ‘ಎಲ್. ಹರ್‌ಫರ್ಡ್’ ಅಂತ ಸಹಿ ಹಾಕಿ ಚಿತ್ರ ಕಳಿಸಿದಳು. ಗಂಡಸು ಅಂದುಕೊಂಡು ಸೀಟು ಕೊಟ್ಟುಬಿಟ್ಟರು. ಗೊತ್ತಾದ ಮೇಲೆ ಹೊರಗೆ ಹಾಕಲು ನಿಯಮಪುಸ್ತಕದಲ್ಲಿ ಯಾವ ನಿಯಮವೂ ಇರಲಿಲ್ಲ. ಇನಿಷಿಯಲ್ ಎಂಬುದಕ್ಕೆ ಎಷ್ಟು ಶಕ್ತಿ ಇದೆ ನೋಡಿ. ಒಳಗೇನೋ ಬಿಟ್ಟುಕೊಂಡರು, ಮಾಡೆಲ್ ಇರುವ ತರಗತಿಯ ಬಾಗಿಲು ಮಾತ್ರ 1893ರ ತನಕ ತೆರೆಯಲಿಲ್ಲ, ಅದೂ ಮಾಡೆಲ್‌ಗೆ ಬಟ್ಟೆ ಸುತ್ತಿಸಿ. ಅಂದರೆ ದೊಡ್ಡ ಕಲೆಯ ಬಾಗಿಲು ತಾವೇ ಮುಚ್ಚಿ, ಆಮೇಲೆ ‘ಹೆಂಗಸರು ಗಿಡಮರ ಬಿಟ್ಟು ಬೇರೇನೂ ಬರೆಯಲಿಲ್ಲ’ ಎಂದು ಮೂಗು ಮುರಿದರು.

ಈಗ ದುಡ್ಡಿನ ಮಾತಿಗೆ ಬರೋಣ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಜೀವ. ಕೇಳಲು ಇಂಪಾಗಿದೆ. ಆದರೆ ಆ ಒಂದು ಜೀವ ಗಂಡನದು. ಮದುವೆಯಾದ ದಿನವೇ ಹೆಂಡತಿಯ ಚರಾಸ್ತಿ, ನಗದು, ಒಡವೆ ಎಲ್ಲ ಅವನ ಪಾಲು. ಅವಳ ಜಮೀನಿನ ಉತ್ಪತ್ತಿಯೂ ಅವನದು. ಅವಳು ದುಡಿದು ತಂದ ಕೂಲಿ ಅವನದು. ಅವನ ಒಪ್ಪಿಗೆ ಇಲ್ಲದೆ ಅವಳು ಉಯಿಲು ಬರೆಯುವ ಹಾಗಿಲ್ಲ, ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವ ಹಾಗಿಲ್ಲ, ದಾವೆ ಹೂಡುವ ಹಾಗಿಲ್ಲ. ಶ್ರೀಮಂತರು ಮದುವೆಗೆ ಮುಂಚೆ ವಕೀಲರನ್ನಿಟ್ಟು ಟ್ರಸ್ಟ್ ಮಾಡಿಸಿ ಮಗಳ ಹಣ ಉಳಿಸುತ್ತಿದ್ದರು. ವಕೀಲರ ಫೀಸು ಕೊಡಲಾಗದವರ ಹೆಣ್ಣುಮಕ್ಕಳು? ಅವರ ಪಾಡು ಅವರಿಗೆ.

ಇದನ್ನು ಚಿತ್ರಕಾರ್ತಿಯ ಬದುಕಿಗೆ ಇಟ್ಟು ನೋಡಿ. ಮದುವೆಯಾದ ಹೆಂಗಸು ಚಿತ್ರ ಬರೆದಳು, ಅಂಗಡಿಯವ ಹತ್ತು ಪೌಂಡಿಗೆ ಕೊಂಡ. ಆ ಹತ್ತು ಪೌಂಡ್ ಗಂಡನದು. ಅವಳ ರಸೀದಿಗೆ ಕಿಮ್ಮತ್ತಿಲ್ಲ. ಗಂಡ ಕುಡುಕನಾಗಿ ಮನೆ ಬಿಟ್ಟು ಹೋಗಿ ಐದು ವರ್ಷವಾಗಿದ್ದರೂ ಒಂದು ದಿನ ತಿರುಗಿ ಬಂದು ಅಂಗಡಿಯ ಮುಂದೆ ಕೈಯೊಡ್ಡಿದರೆ ಕಾನೂನು ಅವನ ಕಡೆ. ಬ್ಯಾಂಕಿನಲ್ಲಿ ಕೂತವನಿಗೆ ಇದರ ಭಯಂಕರ ಬೇಗ ಅರ್ಥವಾಗುತ್ತದೆ. ಖಾತೆ ಒಬ್ಬರದು, ಚೆಕ್ ಬುಕ್ ಇನ್ನೊಬ್ಬರದು!

ಎಮಿಲಿ ಮೇರಿ ಆಸ್ಬರ್ನ್ ಎಂಬ ಚಿತ್ರಕಾರ್ತಿ 1857ರಲ್ಲಿ ಪ್ರದರ್ಶಿಸಿದ ಒಂದು ಚಿತ್ರವಿದೆ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಹೆಸರೂ ಇಲ್ಲದ, ನಂಟರೂ ಇಲ್ಲದ ಹೆಣ್ಣು ಅಂತ ಅದರ ಶೀರ್ಷಿಕೆಯ ಅರ್ಥ. ಹೊರಗೆ ಮಳೆ. ಕಪ್ಪು ಉಡುಪಿನ ಹುಡುಗಿ ಚಿತ್ರದಂಗಡಿಯಲ್ಲಿ ನಿಂತಿದ್ದಾಳೆ, ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ. ಅಂಗಡಿಯವ ಅವಳ ಚಿತ್ರವನ್ನು ಹಿಡಿದು, ಕಿತ್ತುಹೋದ ನೋಟು ನೋಡುವ ಕ್ಯಾಷಿಯರ್‌ನ ಮುಖ ಮಾಡಿಕೊಂಡಿದ್ದಾನೆ. ಆಚೆ ಕೂತ ಇಬ್ಬರು ಗಂಡಸರು ನರ್ತಕಿಯ ಚಿತ್ರ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಾರೆ. ಅವಳು ತಲೆ ಎತ್ತುವುದಿಲ್ಲ. ಬೆರಳಲ್ಲಿ ಉಂಗುರವಿಲ್ಲ. ನನಗೆ ಅನ್ನಿಸುವುದು ಏನೆಂದರೆ, ಉಂಗುರ ಇಲ್ಲದ್ದರಿಂದಲೇ ಆ ದಿನ ಏನಾದರೂ ನಾಲ್ಕು ಕಾಸು ಸಿಕ್ಕಿದ್ದರೆ ಅದು ಅವಳದೇ ಆಗುತ್ತಿತ್ತು!

ಬಾರ್ಬರಾ 1854ರಲ್ಲಿ ಒಂದು ಕಿರುಪುಸ್ತಕ ಬರೆದಳು. ಹೆಂಗಸರಿಗೆ ಸಂಬಂಧಪಟ್ಟ ಕಾನೂನುಗಳು ಏನು ಹೇಳುತ್ತವೆ ಅನ್ನುವುದನ್ನು ಸರಳ ಭಾಷೆಯಲ್ಲಿ ಕೆಲವೇ ಪುಟಗಳಲ್ಲಿ. ಅದರಲ್ಲಿ ಆರ್ಭಟವಿಲ್ಲ. ಕಾನೂನು ಹೀಗಿದೆ, ಹೀಗಿದೆ, ಹೀಗಿದೆ ಅಂತ ಒಂದರ ಕೆಳಗೊಂದು ಇಟ್ಟಿದ್ದಾಳೆ. ಓದಿದವರಿಗೆ ತಾನಾಗಿ ಸಿಟ್ಟು ಬರುವ ಹಾಗೆ. (ಬ್ಯಾಂಕಿನ ಸರ್ಕ್ಯುಲರ್ ಓದಿ ಅಭ್ಯಾಸವಾದ ನನ್ನಂಥವರಿಗೆ ಸರಳ ಭಾಷೆಯ ಬೆಲೆ ಗೊತ್ತು.) ಮುಂದಿನ ವರ್ಷ ಸಮಿತಿ, 1856ರ ಮಾರ್ಚ್‌ನಲ್ಲಿ ಪಾರ್ಲಿಮೆಂಟಿಗೆ ಅರ್ಜಿ. ದೇಶದ ಬೇರೆ ಬೇರೆ ಊರುಗಳ ಅರ್ಜಿಗಳೆಲ್ಲ ಸೇರಿ ಸುಮಾರು 26,000 ಸಹಿ. ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್, ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಸಹಿ ಹಾಕಿದರು. ಈಮೇಲ್ ಇಲ್ಲ, ಫೋನಿಲ್ಲ, ಮನೆಮನೆಗೆ ಕಾಗದ ಹೊತ್ತುಕೊಂಡು ಹೋಗಿ ಹಾಕಿಸಿದ ಸಹಿಗಳು.

ನನ್ನ ವಾದಕ್ಕೆ ಮುಖ್ಯವಾದದ್ದು ಆ ಅರ್ಜಿಯ ಒಳಗಿದೆ. ಕಲೆಯನ್ನು ವೃತ್ತಿಯಾಗಿ ಮಾಡಿ ಚೆನ್ನಾಗಿ ಸಂಪಾದಿಸುವ ಹೆಂಗಸರಿಗೆ ಈ ಕಾನೂನಿನಿಂದ ಆಗುತ್ತಿರುವ ಅನ್ಯಾಯವನ್ನು ಅರ್ಜಿ ಬಿಡಿಸಿ ಹೇಳುತ್ತದೆ. ಬರೀ ಬಡ ಕೂಲಿಯವಳ ಕಣ್ಣೀರು ತೋರಿಸಿ ದಯೆ ಕೇಳಿದ್ದಲ್ಲ. ಕಸುಬುದಾರರ ಭಾಷೆ ಅದು. ಈಗ ಹೇಳಿ, ಆ ಹೋರಾಟಗಾರ್ತಿ ಬೇರೆ, ಚಿತ್ರಕಾರ್ತಿ ಬೇರೆಯೇ?

ಮಸೂದೆ ಆ ಸಲ ಬಿದ್ದುಹೋಯಿತು. 1857ರಲ್ಲಿ ವಿಚ್ಛೇದನದ ಕಾನೂನು ತಂದು, ಗಂಡ ಬಿಟ್ಟುಹೋದ ಹೆಂಗಸಿನ ಸಂಪಾದನೆಗೆ ಒಂದಿಷ್ಟು ರಕ್ಷಣೆ ಕೊಟ್ಟು, ಉಳಿದದ್ದನ್ನು ಮೂಲೆಗೆ ತಳ್ಳಿದರು. ಕೊನೆಗೆ 1870ರಲ್ಲಿ ಮೊದಲ ಕಾಯ್ದೆ ಬಂತು. ಹೆಂಡತಿಯ ಕೂಲಿ ಹೆಂಡತಿಯದು ಅಂತ ಅದು ಒಪ್ಪಿತು, ಜೊತೆಗೆ ಸಾಹಿತ್ಯ, ಕಲೆ, ವಿಜ್ಞಾನದ ನೈಪುಣ್ಯದಿಂದ ಗಳಿಸಿದ್ದೂ ಅವಳದೇ ಎಂದು ಹೆಸರಿಸಿ ಬರೆಯಿತು. 1882ರ ಕಾಯ್ದೆ ಉಳಿದ ಬಹುಪಾಲನ್ನು ಸರಿಮಾಡಿತು.

ಅದು ಇಂಗ್ಲೆಂಡಿನ ಕಥೆ, ನಮಗೇನು ಅನ್ನಬೇಡಿ. 1870ರ ಆ ವಾಕ್ಯ ನಾಲ್ಕೇ ವರ್ಷದಲ್ಲಿ ಹಡಗು ಹತ್ತಿ ಇಲ್ಲಿಗೂ ಬಂತು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ, ಸೆಕ್ಷನ್ 4 ತೆಗೆದು ನೋಡಿ: ಅದೇ ಸಾಹಿತ್ಯ, ಅದೇ ಕಲೆ, ಅದೇ ವಿಜ್ಞಾನ, ಅವಳೊಬ್ಬಳ ರಸೀದಿ ಸಾಕು ಅನ್ನುವುದೂ ಇದೆ. ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರನ್ನು ಅದರಿಂದ ಹೊರಗಿಟ್ಟಿದ್ದರು, ಅದು ಬೇರೆ ಮಾತು. ಆದರೆ ಅದೇ ಕಾಯ್ದೆಯ ಸೆಕ್ಷನ್ 6, ವಿಮೆಯದು, ಆಮೇಲೆ ತಿದ್ದುಪಡಿಯಾಗಿ ನಮಗೂ ಬಂತು. ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹೆಸರಿಗೆ ಆ ಸೆಕ್ಷನ್ ಪ್ರಕಾರ ಪಾಲಿಸಿ ಮಾಡಿಸಿದರೆ ಆ ಹಣಕ್ಕೆ ಅವನ ಸಾಲಗಾರರು ಕೈಹಾಕುವ ಹಾಗಿಲ್ಲ. ವಿಮಾ ಏಜೆಂಟರು ‘ಎಂಡಬ್ಲ್ಯುಪಿ ಪಾಲಿಸಿ’ ಅನ್ನುವುದು ಇದನ್ನೇ. ಬ್ಯಾಂಕಿನ ಸಾಲ ಮುಳುಗಿದಾಗ ಇಂಥ ಪಾಲಿಸಿಯ ಎದುರು ನಾವು ಕೈಕಟ್ಟಿ ನಿಲ್ಲಬೇಕು. ಹೀಗೆ ನಿಂತಾಗ ನನಗೆ ವೃತ್ತಿಯಿಂದ ಬೇಸರವಾದರೂ ಒಳಗೊಳಗೇ ಖುಷಿಯಾದದ್ದುಂಟು.

ನಮ್ಮವರೂ ಏನು ಕಮ್ಮಿಯಿಲ್ಲ ಬಿಡಿ. ಮುಂಬೈಯಲ್ಲಿ ಖಾತೆ ತೆರೆಯಲು ಗಂಡ ಹೆಂಡತಿ ಬರುತ್ತಾರೆ. ಹೆಂಡತಿಯ ಉದ್ಯೋಗದ ಕಾಲಂನಲ್ಲಿ ಗಂಡ ‘ಹೌಸ್‌ವೈಫ್’ ಬರೆದು ಮುಂದೆ ಹೋಗಿರುತ್ತಾನೆ. ಮಾತಾಡಿಸಿದರೆ ಆಕೆ ಹದಿನೈದು ವರ್ಷದಿಂದ ಮನೆಯಲ್ಲಿ ಸಂಗೀತ ಪಾಠ ಹೇಳಿ ಮಗನ ಕಾಲೇಜು ಫೀಸು ಕಟ್ಟಿದವಳು! ‘ಅದೇನೋ ಅವಳ ಹಾಬಿ ಸಾರ್’ ಅನ್ನುತ್ತಾನೆ ಆ ಪುಣ್ಯಾತ್ಮ. ಕಾಲಂ ಹೊಡೆದುಹಾಕಿಸಿ ‘ಸಂಗೀತ ಶಿಕ್ಷಕಿ’ ಅಂತ ಬರೆಸಿ ಪಕ್ಕದಲ್ಲಿ ಸಹಿ ಹಾಕಿಸಿಕೊಳ್ಳುವುದು ನನ್ನ ಹಳೆಯ ಚಾಳಿ.

ಮತ್ತೆ ಬಾರ್ಬರಾಗೆ ಬರುತ್ತೇನೆ. 1857ರ ಜುಲೈನಲ್ಲಿ ಆಕೆ ಯೂಜೀನ್ ಬೋಡಿಶಾನ್ ಎಂಬ ಫ್ರೆಂಚ್ ವೈದ್ಯನನ್ನು ಮದುವೆಯಾದಳು. ಅವನಿದ್ದದ್ದು ಅಲ್ಜೀರ್ಸ್‌ನಲ್ಲಿ. ಅಮೆರಿಕಾ ಸುತ್ತಿ ಬಂದ ಮೇಲೆ ಚಳಿಗಾಲ ಅಲ್ಜೀರಿಯಾ, ಬೇಸಿಗೆ ಇಂಗ್ಲೆಂಡ್ ಎಂದು ಬದುಕನ್ನು ಎರಡು ಭಾಗ ಮಾಡಿಕೊಂಡಳು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ಬದುಕುವ ನಮ್ಮಂಥವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಜೀರ್ಸ್ ಕೊಲ್ಲಿ, ಬೆಟ್ಟ, ಕತ್ತಾಳೆ, ಬಿರುಬಿಸಿಲು ಆಕೆಯ ಚಿತ್ರಗಳಿಗೆ ಬಂದವು. 1859ರಲ್ಲಿ ಲಂಡನ್ನಿನ ಪಾಲ್ ಮಾಲ್‌ನ ಫ್ರೆಂಚ್ ಗ್ಯಾಲರಿಯಲ್ಲಿ ಆಕೆಯ ಅಲ್ಜೀರಿಯಾದ ಚಿತ್ರಗಳ ಪ್ರದರ್ಶನ ನಡೆಯಿತು. ಗ್ಯಾಲರಿಯ ಯಜಮಾನ ಅರ್ನೆಸ್ಟ್ ಗ್ಯಾಂಬಾರ್ಟ್. ಆ ಕಾಲದ ಅತಿ ಚಾಣಾಕ್ಷ ಚಿತ್ರವ್ಯಾಪಾರಿ. ಮರುವರ್ಷವೇ ಹಾಲ್ಮನ್ ಹಂಟ್‌ನ ಒಂದೇ ಚಿತ್ರಕ್ಕೆ 5,000 ಪೌಂಡಿಗೂ ಹೆಚ್ಚು ಕೊಟ್ಟು, ಊರೂರಲ್ಲಿ ಟಿಕೆಟ್ ಇಟ್ಟು ತೋರಿಸಿ ದುಡ್ಡು ಮಾಡಿದವನು. ಅಂಥವನು ಯಾರದೋ ಹವ್ಯಾಸಕ್ಕೆ ತನ್ನ ಗೋಡೆ ಬಿಟ್ಟುಕೊಡುತ್ತಾನೆಯೇ? ವ್ಯಾಪಾರಿಯ ಗೋಡೆಯ ಒಂದೊಂದು ಅಡಿಗೂ ಬಾಡಿಗೆ ಇರುತ್ತದೆ ಸ್ವಾಮೀ.

ಆಕೆಯನ್ನು ದೇವತೆ ಮಾಡಿ ಕೂರಿಸುವ ಇರಾದೆ ನನಗಿಲ್ಲ. ಅಲ್ಜೀರಿಯಾ 1830ರಿಂದ ಫ್ರೆಂಚರು ತುಪಾಕಿ ಹಿಡಿದು ಕಿತ್ತುಕೊಂಡ ನೆಲ. ಆ ನೆಲ ಇಂಗ್ಲಿಷರಿಗೆ ಚಳಿಗಾಲ ಕಳೆಯಲು ಎಷ್ಟು ಹಿತ ಅಂತ ಗಂಡ ಹೆಂಡತಿ ಸೇರಿ 1858ರಲ್ಲಿ ಪುಸ್ತಕವನ್ನೇ ತಂದರು. ಅದು ಯಾರ ಹೊಲ, ಯಾರ ಊರು ಎಂಬ ಪ್ರಶ್ನೆ, ಹೆಂಡತಿಯ ಹತ್ತು ಪೌಂಡ್ ಯಾರದು ಎಂದು ಅಷ್ಟು ಚೆನ್ನಾಗಿ ಕೇಳಿದವಳಿಗೆ ಅಷ್ಟೇ ಜೋರಾಗಿ ಕೇಳಿಸಲಿಲ್ಲ. ಮಲೇರಿಯಾ ಹೋಗುತ್ತದೆಂದು ಅಲ್ಲೆಲ್ಲ ನೀಲಗಿರಿ ಮರ ನೆಡಿಸಲು ಇಬ್ಬರೂ ಓಡಾಡಿದರು. ನಮ್ಮ ಕೋಲಾರದ ಕಡೆಯವರು ಇದನ್ನು ಓದಿದರೆ ಏನನ್ನುತ್ತಾರೋ! ಈ ಲೆಕ್ಕವೂ ಇರಲಿ. ಆದರೆ ಈ ದೂರನ್ನು ಕೂಡ ಚಿತ್ರಕಾರ್ತಿಯ ಮೇಲೆ ಹೊರಿಸಬೇಕಾದರೆ ಮೊದಲು ಆಕೆಯನ್ನು ಚಿತ್ರಕಾರ್ತಿ ಅಂತ ಒಪ್ಪಿಕೊಳ್ಳಬೇಕು, ಚಿತ್ರಗಳನ್ನು ಕಣ್ಣುಬಿಟ್ಟು ನೋಡಬೇಕು. ಟರ್ನರ್‌ನ ಚಿತ್ರಗಳನ್ನು ಬೈಯುವವರೂ ನೋಡಿಯೇ ಬೈಯುತ್ತಾರೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಬರೆದಿದ್ದಾರೆ. 1866ರಲ್ಲಿ ಹೆಂಗಸರಿಗೆ ವೋಟು ಕೊಡಿ ಎಂದು 1,499 ಸಹಿಯ ಅರ್ಜಿ ಜಾನ್ ಸ್ಟುವರ್ಟ್ ಮಿಲ್ ಕೈಗೆ ಹೋಯಿತು, ಅದರ ಹಿಂದೆ ಈಕೆ ಇದ್ದಳು. ಎಮಿಲಿ ಡೇವಿಸ್ ಜೊತೆ ಸೇರಿ 1869ರಲ್ಲಿ ಶುರುಮಾಡಿದ ಹೆಣ್ಣುಮಕ್ಕಳ ಕಾಲೇಜಿಗೆ ಮೊದಲು 1,000 ಪೌಂಡ್ ಕೊಟ್ಟವಳು ಈಕೆಯೇ. ಅದೇ 1873ರಲ್ಲಿ ಗರ್ಟನ್‌ಗೆ ಬಂತು. ಅಲ್ಲಿ ಓದಿದವರಿಗೆ ಕೇಂಬ್ರಿಜ್ ಪೂರ್ಣ ಪದವಿ ಕೊಟ್ಟದ್ದು ಮಾತ್ರ 1948ರಲ್ಲಿ. ಅಷ್ಟು ಹೊತ್ತಿಗೆ ನಮಗೆ ಸ್ವಾತಂತ್ರ್ಯವೇ ಬಂದಿತ್ತು!

1877ರಲ್ಲಿ ಆಕೆಗೆ ಲಕ್ವಾ ಹೊಡೆಯಿತು. ಆಮೇಲೆ ಹದಿನಾಲ್ಕು ವರ್ಷ ಬದುಕಿ, 1891ರ ಜೂನ್ 11ರಂದು ಸಸೆಕ್ಸ್‌ನಲ್ಲಿ ತಾನೇ ಕಟ್ಟಿಸಿದ ಸ್ಕೇಲೆಂಡ್ಸ್ ಮನೆಯಲ್ಲಿ ತೀರಿಕೊಂಡಳು. ಉಯಿಲಿನಲ್ಲಿ ಗರ್ಟನ್‌ಗೆ 10,000 ಪೌಂಡ್. ಮದುವೆಯಾದ ಹೆಂಗಸೊಬ್ಬಳು ಯಾರ ಒಪ್ಪಿಗೆಯನ್ನೂ ಕೇಳದೆ ಬರೆಯಬಹುದಾದ ಉಯಿಲು! ಬ್ರೈಟ್ಲಿಂಗ್ ಎಂಬ ಊರಿನ ಚರ್ಚಿನ ಅಂಗಳದಲ್ಲಿ ಆಕೆಯ ಸಮಾಧಿಯಿದೆ. ಕಂಬಿ ತುಕ್ಕು ಹಿಡಿದು ಹಾಳುಬಿದ್ದಿದ್ದ ಅದನ್ನು 2007ರ ಸುಮಾರಿಗೆ ಒಂದಷ್ಟು ಜನ ಚಂದಾ ಎತ್ತಿ ರಿಪೇರಿ ಮಾಡಿಸಿದರು.

ಚಿತ್ರಗಳು ಗರ್ಟನ್ ಕಾಲೇಜಿನಲ್ಲಿ ಬೇಕಾದಷ್ಟಿವೆ. ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದಾರೆ ಅಂತ ನಮ್ಮವರು ಈಗ ವರ್ಷ ವರ್ಷ ಹೋಗಿಬರುತ್ತಾರೆ. ಕೇಂಬ್ರಿಜ್‌ಗೆ ಕರೆದುಕೊಂಡು ಹೋದರೆ ಕಿಂಗ್ಸ್ ಕಾಲೇಜಿನ ಮುಂದೆ ನಿಂತು ಫೋಟೋ, ನದಿಯಲ್ಲಿ ದೋಣಿ, ವಾಪಸ್ಸು. ಅಲ್ಲಿಂದ ಗರ್ಟನ್ ಎರಡೂವರೆ ಮೈಲಿ, ಬಸ್ಸಿದೆ. ಒಳಗೆ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿಕೊಂಡು ಹೋಗಿ. ಬಾಗಿಲಲ್ಲಿ ಕೇಳುವಾಗ ಮಾತ್ರ ‘ನಿಮ್ಮ ಸ್ಥಾಪಕಿ ಚಿತ್ರಗಳನ್ನೂ ಬರೆಯುತ್ತಿದ್ದರಂತಲ್ಲ’ ಅನ್ನಬೇಡಿ. ಮೇಡಂ ಬೋಡಿಶಾನ್ ಅನ್ನುವ ಚಿತ್ರಕಾರ್ತಿಯ ಚಿತ್ರ ನೋಡಲು ಬಂದಿದ್ದೇವೆ ಅನ್ನಿ.